ಗಡಿ ದಾಟಿ ಬರುವ ಹಣಕ್ಕೆ ಮರಳುವ ದಾರಿಯೂ ಬೇಕು

ಹೊರದೇಶದಿಂದ ಹಣ ತಂದು ಇಲ್ಲಿ ಹೂಡುವವರ ಕೆಲಸ ಒಳ್ಳೆಯ ಕಂಪನಿ ಹುಡುಕುವುದು ಅಂತ ಹೆಚ್ಚಿನವರು ತಿಳಿದಿದ್ದಾರೆ. ಅದು ಅರ್ಧ ಕೆಲಸ. ಹಾಕಿದ ಹಣ ಐದಾರು ವರ್ಷದ ಮೇಲೆ ಕಾನೂನಿಗೆ ಸಿಕ್ಕಿಬೀಳದೆ ವಾಪಸ್ ಹೋಗುವಂತೆ ನೋಡಿಕೊಳ್ಳುವುದು ಉಳಿದರ್ಧ. ಅದು ಬಹುಮಟ್ಟಿಗೆ ಹಣ ಬಂದ ದಿನವೇ ತೀರ್ಮಾನವಾಗಿರುತ್ತದೆ.

ಕಾರ್ಕಳದ ಕಡೆಯ ಒಂದು ಗೇರುಬೀಜ ಫ್ಯಾಕ್ಟರಿಗೆ ದುಬೈಯಲ್ಲಿರುವ ಎನ್‌ಆರ್‌ಐ ಒಬ್ಬರು 2 ಕೋಟಿ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ಪ್ರಶ್ನೆ: ಅದು ಪಾಲುದಾರಿಕೆ ಸಂಸ್ಥೆಯೋ ಪ್ರೈವೇಟ್ ಲಿಮಿಟೆಡ್ ಕಂಪನಿಯೋ? ನಮ್ಮ ಊರಿನಲ್ಲಿ ಅಪ್ಪ-ಚಿಕ್ಕಪ್ಪಂದಿರು ಸೇರಿ ಕಟ್ಟಿದ ಪಾಲುದಾರಿಕೆಗಳೇ ಜಾಸ್ತಿ. ಇವುಗಳಲ್ಲಿ ಎನ್‌ಆರ್‌ಐ ಹಣ ಹಾಕಬಹುದು, ಆದರೆ ವಾಪಸಾತಿಯ ಹಕ್ಕಿಲ್ಲದ ಹೂಡಿಕೆಯಾಗಿ ಮಾತ್ರ. ಬಿಡುವಾಗ ಹಣ ಎನ್‌ಆರ್‌ಓ ಖಾತೆಗೆ, ಅಂದರೆ ಎನ್‌ಆರ್‌ಐಗಳ ಇಲ್ಲಿನ ಆದಾಯ ಇಡುವ ರೂಪಾಯಿ ಖಾತೆಗೆ ಬೀಳುತ್ತದೆ. ಅಲ್ಲಿಂದ ತೆರಿಗೆ ಕಟ್ಟಿ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅಷ್ಟೆ. ಹಲವರ ಹಣ ಒಟ್ಟುಮಾಡಿ ಹೂಡುವ ವಿದೇಶಿ ಫಂಡ್‌ಗಾದರೆ ಪಾಲುದಾರಿಕೆಯ ಬಾಗಿಲೇ ಮುಚ್ಚಿದ ಹಾಗೆ. ಹಾಗಾಗಿ ಮೊದಲು ಕಂಪನಿ ಮಾಡಿ, ಆಮೇಲೆ ಹಣದ ಮಾತು.

ಎರಡನೆಯದು ಜಾಗ. ಇದರಲ್ಲಿ ಮುಂಬೈಯ ದೊಡ್ಡ ವಕೀಲರೂ ಎಡವುತ್ತಾರೆ, ಏಕೆಂದರೆ ಕರಾವಳಿಯ ಜಾಗದ ಕಾಗದಪತ್ರಕ್ಕೆ ಅದರದ್ದೇ ಭಾಷೆ ಇದೆ. ಆರ್‌ಟಿಸಿಯ (ಪಹಣಿಯ) 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಬ್ಯಾಂಕಿನ ಸಾಲ ಇದೆ ಎಂದು ನೋಡಿದರೆ ಸಾಲದು. ಫ್ಯಾಕ್ಟರಿಯ ಬೀಜ ಒಣಗಿಸುವ ಅಂಗಳ ವರ್ಗ ಜಾಗದಲ್ಲಿ (ಪಟ್ಟಾ ಇರುವ ಸ್ವಂತ ಜಾಗದಲ್ಲಿ) ಇದೆಯೋ ಕುಮ್ಕಿಯಲ್ಲಿದೆಯೋ ಎಂದು ಸರ್ವೇ ನಕ್ಷೆ ಹಿಡಿದು ಸ್ಥಳದಲ್ಲೇ ನಿಂತು ನೋಡಬೇಕು. ವರ್ಗ ಜಾಗದ ಸುತ್ತ 100 ಗಜದೊಳಗಿನ ಕುಮ್ಕಿಯಲ್ಲಿ ಸೊಪ್ಪು-ಸೌದೆ ತೆಗೆಯುವಂಥ ಸವಲತ್ತು ಇದೆ, ಒಡೆತನ ಇಲ್ಲ. ಅದು ಸರ್ಕಾರಿ ಜಾಗ. ಮೂವತ್ತು ವರ್ಷದಿಂದ ಅಂಗಳ ಅಲ್ಲೇ ಇದೆ ಎನ್ನುವ ಮಾತು ಹೂಡಿಕೆದಾರರಿಗೆ ಉಪಯೋಗವಿಲ್ಲ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಕುಟುಂಬದ ಆಸ್ತಿಯಾದರೆ ಪಾಲುಪಟ್ಟಿ ರಿಜಿಸ್ಟರ್ ಆಗಿದೆಯೇ, ಪಾಲು ಪಡೆದ ಹೆಂಗಸರೆಲ್ಲರ ಸಹಿ ಅದರಲ್ಲಿದೆಯೇ ಎಂದು ನೋಡಬೇಕು. ಹಳೆಯ ಮೂಲಗೇಣಿ (ಶಾಶ್ವತ ಗೇಣಿ) ಜಾಗವಾದರೆ ಒಡೆತನ ಯಾರಲ್ಲಿ ನಿಂತಿದೆ ಎಂದು ಮೂಲಪತ್ರದಿಂದಲೇ ಹುಡುಕಬೇಕು. ಇದನ್ನು ಓದಿ ಅರ್ಥಮಾಡಿಕೊಳ್ಳುವ ಹುಡುಗ ಹುಡುಗಿಯರು ನಮ್ಮೂರಿನ ಸಿಎ, ವಕೀಲರ ಆಫೀಸುಗಳಲ್ಲಿದ್ದಾರೆ. ಹೂಡಿಕೆಯ ಈ ವೃತ್ತಿಗೆ ಇಳಿಯುವವರಿಗೆ ಅದು ದೊಡ್ಡ ಬಂಡವಾಳ ಎಂದು ನಾನು ನಂಬಿದ್ದೇನೆ.

ಲೆಕ್ಕದಲ್ಲಿ ನೋಡಬೇಕಾದ ಮುಖ್ಯ ಜಾಗ ದಾಸ್ತಾನು. ಮಾರ್ಚ್ 31 ಎಂದರೆ ಗೇರುಬೀಜದ ಸೀಸನ್ನಿನ ನಡುಮಧ್ಯ. ಗೋದಾಮೂ ತುಂಬಿರುತ್ತದೆ, ಬ್ಯಾಂಕ್ ಸಾಲವೂ ಏರಿರುತ್ತದೆ. ಆ ಒಂದು ದಿನದ ಬ್ಯಾಲೆನ್ಸ್ ಶೀಟ್ ನೋಡಿ ಬೆಲೆ ಕಟ್ಟಿದರೆ ತಪ್ಪುತ್ತದೆ. ಹನ್ನೆರಡು ತಿಂಗಳ ದಾಸ್ತಾನು ಪಟ್ಟಿ ತರಿಸಿ ಸರಾಸರಿ ತೆಗೆಯಿರಿ. ಆಫ್ರಿಕಾದಿಂದ ತರಿಸಿದ ಬೀಜವಾದರೆ 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬಂತು ಎನ್ನುವ ಔಟ್‌ಟರ್ನ್ ಲೆಕ್ಕವನ್ನು ಖರೀದಿ ಬಿಲ್ ಜೊತೆ ಹೋಲಿಸಿ. ಚೀಲದ ಲೆಕ್ಕ ಸರಿಯಿದ್ದು ತಿರುಳು ಕಡಿಮೆ ಬರುವ ಮಾಲು ಪುಸ್ತಕದಲ್ಲಿ ಮಾತ್ರ ಬೆಲೆಬಾಳುತ್ತದೆ.

ಇನ್ನು ಹಣ. ಕಂಪನಿಯಲ್ಲಿ ಈಗ 2,00,000 ಶೇರುಗಳಿವೆ, ಸಿಎ ಕೊಟ್ಟ ಮೌಲ್ಯಪತ್ರದ ಪ್ರಕಾರ ಒಂದಕ್ಕೆ 400 ರೂಪಾಯಿ ಎಂದುಕೊಳ್ಳಿ. 2 ಕೋಟಿಗೆ 50,000 ಶೇರು, ಅಂದರೆ 20% ಪಾಲು. ವಾಪಸಾತಿಯ ಹಕ್ಕಿನ ಹೂಡಿಕೆಯಲ್ಲಿ ಬೇಕಾದವರು ಅಂತ 350ಕ್ಕೆ ಕೊಡುವ ಹಾಗಿಲ್ಲ. ಮೌಲ್ಯಕ್ಕಿಂತ ಕಡಿಮೆಗೆ ಕೊಟ್ಟರೆ ವಿದೇಶಿ ವಿನಿಮಯದ ಕಾನೂನಾದ ಫೆಮಾದ ಉಲ್ಲಂಘನೆ. ‘ಲಾಭವಾಗಲಿ ನಷ್ಟವಾಗಲಿ ವರ್ಷಕ್ಕೆ 12% ಕೊಡುತ್ತೇನೆ’ ಎಂದು ಬರೆದುಕೊಡುವುದೂ ನಡೆಯದು. ಶೇರಿಗೆ ಖಚಿತ ಪ್ರತಿಫಲದ ಭರವಸೆ ಇರುವಂತಿಲ್ಲ.

ಹಣ ಹೂಡಿಕೆದಾರರ ಸ್ವಂತ ಬ್ಯಾಂಕ್ ಖಾತೆಯಿಂದಲೇ ಬರಲಿ, ಅಥವಾ ಅವರ ಎನ್‌ಆರ್‌ಇ ಖಾತೆಯಿಂದ (ಹೊರದೇಶದ ಗಳಿಕೆ ಇಡುವ ಇಲ್ಲಿನ ಖಾತೆ). ಭಾವನ ಖಾತೆಯಿಂದ ಬಂದರೆ ಅವರ ಒಪ್ಪಿಗೆ ಪತ್ರ, ಕೆವೈಸಿ ಅಂತ ವಿವರಣೆ ಕೊಡುತ್ತಾ ಕೂರಬೇಕು. ಹಣ ಯಾವ ಉದ್ದೇಶಕ್ಕೆ ಬಂತೆಂದು ಬ್ಯಾಂಕ್ ನಮೂದಿಸುವ ಪರ್ಪಸ್ ಕೋಡ್ ‘ಕುಟುಂಬ ನಿರ್ವಹಣೆ’ ಅಂತ ಬಿದ್ದರೆ ಅದು ಹೂಡಿಕೆಯೇ ಅಲ್ಲ ಎಂಬ ಪ್ರಶ್ನೆ ಏಳುತ್ತದೆ. ಕೂಡಲೇ ಬ್ಯಾಂಕಿಗೆ ಬರೆದು ಸರಿಮಾಡಿಸಿ.

ಹಣ ಬಂದ 60 ದಿನದೊಳಗೆ ಶೇರು ಹಂಚಿಕೆ. ಹಂಚಿದ 15 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ಹಂಚಿಕೆ ತಿಳಿಸುವ ಪಿಎಎಸ್-3 ಫಾರಂ, 30 ದಿನದೊಳಗೆ ರಿಸರ್ವ್ ಬ್ಯಾಂಕಿನ ಫರ್ಮ್ಸ್ ಪೋರ್ಟಲ್‌ನಲ್ಲಿ ಹೊರದೇಶದವರಿಗೆ ಶೇರು ಕೊಟ್ಟದ್ದನ್ನು ತಿಳಿಸುವ ಎಫ್‌ಸಿ-ಜಿಪಿಆರ್ ಫಾರಂ. ಇಲ್ಲಿ ಆಗುವ ದೊಡ್ಡ ತಪ್ಪು ಒಂದು: ಹಣ ಮಾರ್ಚಿನಲ್ಲಿ ಬರುತ್ತದೆ, ಬೀಜದ ಖರೀದಿ ಬಿಸಿಯಾಗಿರುತ್ತದೆ, ಮಾಲೀಕರು ಆ ಹಣದಲ್ಲೇ ಲೋಡ್ ತೆಗೆದುಬಿಡುತ್ತಾರೆ. ಪಿಎಎಸ್-3 ಸಲ್ಲಿಸುವ ತನಕ ಆ ಹಣ ಪ್ರತ್ಯೇಕ ಖಾತೆಯಲ್ಲಿ ಮುಟ್ಟದೆ ಇರಬೇಕು. ಹಣ ಬರುವ ದಿನಕ್ಕೆ ಮೊದಲೇ ನಿರ್ಣಯಗಳು, ಫಾರಂಗಳು ಸಿದ್ಧವಿದ್ದರೆ ವಾರದೊಳಗೆ ಮುಗಿಸಬಹುದು. ಜಿಪಿಆರ್ ತಡವಾದರೆ ಶುಲ್ಕ 7,500 ರೂಪಾಯಿ ಜೊತೆಗೆ ಮೊತ್ತದ 0.025%ದಂತೆ ವರ್ಷದ ಲೆಕ್ಕ. 2 ಕೋಟಿಗೆ ಆರು ತಿಂಗಳು ತಡವಾದರೆ 10,000. ಮೊತ್ತ ಸಣ್ಣದೆಂದು ಬಿಟ್ಟವರು ಮಾರುವಾಗ ಪರದಾಡುತ್ತಾರೆ, ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಆ ಫಾರಂ. ಪ್ರತಿ ವರ್ಷ ಜುಲೈ 15ರೊಳಗೆ ಕಂಪನಿಯ ವಿದೇಶಿ ಹೊಣೆ-ಆಸ್ತಿಯ ವಿವರ ಕೊಡುವ ಎಫ್‌ಎಲ್‌ಎ ರಿಟರ್ನ್ ಕೂಡ ಇದೆ.

ಮರಳುವ ದಾರಿ ಎಷ್ಟು ಮುಖ್ಯ ಎಂಬುದಕ್ಕೆ ಮಂಗಳೂರಿನಲ್ಲೇ ಹಳೆಯ ಸಾಕ್ಷಿ ಇದೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಮೊದಲ ಮಹಾಯುದ್ಧ ಬಂದಾಗ ಆ ಉದ್ಯಮಗಳೆಲ್ಲ ಅವರ ಕೈ ತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಂಚು ಎಷ್ಟೇ ಗಟ್ಟಿಯಿದ್ದರೂ ಹೂಡಿದವರಿಗೆ ಅದು ಉಳಿಯಲಿಲ್ಲ.

ವೃತ್ತಿಯ ಸಂಬಳ-ಲಾಭವೂ ಇದೇ ಲೆಕ್ಕದ ಮೇಲೆ ನಿಂತಿದೆ. ಸಾಮಾನ್ಯವಾಗಿ ಫಂಡ್ ನಡೆಸುವವರಿಗೆ ವರ್ಷಕ್ಕೆ ಸುಮಾರು 2% ನಿರ್ವಹಣಾ ಶುಲ್ಕ. ಹೂಡಿಕೆದಾರರಿಗೆ ಸಿಗುವ ಲಾಭ ವರ್ಷಕ್ಕೆ 8% ದಾಟಿದ ಮೇಲೆ ನಡೆಸುವವರಿಗೆ ಲಾಭದಲ್ಲಿ 20% ಪಾಲು. ಈಗ ಉದಾಹರಣೆಯ ದರ ಹಿಡಿದು ನೋಡಿ. ಡಾಲರಿಗೆ 80 ಇದ್ದಾಗ ಹಾಕಿದ 2 ಕೋಟಿ ಎಂದರೆ 2.5 ಲಕ್ಷ ಡಾಲರ್. ಐದು ವರ್ಷದ ಮೇಲೆ 3.2 ಕೋಟಿಗೆ ಮಾರಿದಾಗ ದರ 90 ಆಗಿದ್ದರೆ ಕೈಗೆ ಸುಮಾರು 3.56 ಲಕ್ಷ ಡಾಲರ್. ರೂಪಾಯಿಯಲ್ಲಿ ವರ್ಷಕ್ಕೆ 9.9%, ಡಾಲರಿನಲ್ಲಿ 7.3%. ಡಾಲರ್ ಫಂಡ್ ಆದರೆ 8% ಮುಟ್ಟಲೇ ಇಲ್ಲ, ಲಾಭದ ಪಾಲೂ ಇಲ್ಲ. ಇದು ತೆರಿಗೆಗೆ ಮುಂಚಿನ ಮಾತು: 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಅನ್‌ಲಿಸ್ಟೆಡ್ (ಶೇರುಪೇಟೆಯಲ್ಲಿ ನೋಂದಾಯಿಸದ) ಶೇರಿನ 1.2 ಕೋಟಿ ಲಾಭಕ್ಕೆ 12.5%ದಂತೆ 15 ಲಕ್ಷ, ಮೇಲೆ ಸರ್‌ಚಾರ್ಜ್, ಸೆಸ್.

ಮಾರುವಾಗ ಕೊಳ್ಳುವವರು ಇಲ್ಲಿನವರಾದರೆ ಬೆಲೆ ಮೌಲ್ಯಪತ್ರಕ್ಕಿಂತ ಹೆಚ್ಚಿರಬಾರದು. ತೆರಿಗೆ ಮುರಿದುಕೊಂಡು ಕೊಡಬೇಕಾದವರೂ ಅವರೇ. ಶೇರು ಕೈ ಬದಲಾದದ್ದನ್ನು ರಿಸರ್ವ್ ಬ್ಯಾಂಕಿಗೆ ತಿಳಿಸುವ ಎಫ್‌ಸಿ-ಟಿಆರ್‌ಎಸ್ ಫಾರಂ 60 ದಿನದೊಳಗೆ ಸಲ್ಲಬೇಕು, ಆ ಹೊಣೆಯೂ ಅವರದೇ. ಶೇರು ಒಪ್ಪಂದಕ್ಕೆ ಸಹಿ ಹಾಕುವಾಗಲೇ ಈ ಕೆಲಸಗಳನ್ನು ಯಾರು, ಯಾರ ಖರ್ಚಿನಲ್ಲಿ ಮಾಡಬೇಕು ಎಂದು ಒಂದು ಪ್ಯಾರಾ ಬರೆಸಿಡಿ, ಹಳೆಯ ಜಿಪಿಆರ್‌ಗೆ ಬಂದ ಅನುಮೋದನೆಯ ಪ್ರತಿಯನ್ನು ಅದರ ಹಿಂದೆಯೇ ಲಗತ್ತಿಸಿ.