ನಮ್ಮ ಓಣಿ ಮೆಂಬರು ಪ್ರತಿ ಸಲ ಹೆಂಗ ಗೆಲ್ತಾರ?

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ ತಿನ್ನುವಾಗ, ಮದುವೆಯ ಪಂಕ್ತಿಯಲ್ಲಿ, ಬೆಂಗಳೂರಿನಿಂದ ಬಂದ ಭಾವನ ಬಾಯಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ: "ನಿಮ್ಮ ಮೆಂಬರು ಪ್ರತಿ ಸಲ ಹೆಂಗ ಗೆಲ್ತಾರೋ? ರೊಕ್ಕಾ ಹಂಚ್ತಾರೇನು?" ಮೆಂಬರು ಅಂದರೆ ನಮ್ಮ ವಾರ್ಡಿನ ಪಾಲಿಕೆ ಸದಸ್ಯರು. ಮೂರು ಚುನಾವಣೆಯಲ್ಲಿ ಅವರ ಬೂತ್ ಏಜೆಂಟಾಗಿ ಕೂತವನು ನಾನು, ಅದಕ್ಕೇ ನನ್ನ ಬೆನ್ನು ಹತ್ತುತ್ತಾರೆ. ಹೆಸರು ಬರೆಯುವುದಿಲ್ಲ. ಓಣಿಯವರೆಲ್ಲ ಅವರಿಗೆ ಕಾಕಾ ಅನ್ನುತ್ತೇವೆ.

ರೊಕ್ಕದ ಮಾತು ಮೊದಲು ಮುಗಿಸಿಬಿಡುತ್ತೇನೆ. ಹಂಚುವವರು ಎಲ್ಲ ಕಡೆ ಇದ್ದಾರೆ. ಒಬ್ಬರ ಕಡೆ ಇಸಗೊಂಡು ಇನ್ನೊಬ್ಬರಿಗೆ ಬಟನ್ ಒತ್ತಿದವರೂ ನನಗೆ ಗೊತ್ತು. ಕಾಕಾನ ಲೆಕ್ಕ ಬೇರೆ. 2021ರಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ 82 ವಾರ್ಡು, ಮತದಾರರು ಎಂಟು ಲಕ್ಷದ ಮೇಲೆ. ಅಂದರೆ ವಾರ್ಡಿಗೆ ಹತ್ತು ಸಾವಿರದ ಆಸುಪಾಸು, ಮತಗಟ್ಟೆಗೆ ಬರುವವರು ಅರ್ಧಕ್ಕಿಂತ ತುಸು ಹೆಚ್ಚು. ನಾಲ್ಕೈದು ಮಂದಿ ಕಣದಲ್ಲಿದ್ದರೆ ಎರಡೂವರೆ ಸಾವಿರ ಮತಕ್ಕೆ ಗೆದ್ದ ಹಾಗೇ. ಅದು ಹೆಚ್ಚೆಂದರೆ ಎಂಟುನೂರು ಮನೆ. ಆ ಎಂಟುನೂರು ಮನೆಯ ನಳಕ್ಕೆ ನೀರು ಯಾವ ದಿನ ಬರಬೇಕು ಅನ್ನುವುದು ಕಾಕಾಗೆ ಬಾಯಿಪಾಠ.

ನಗುವ ಮಾತಲ್ಲ ಇದು. ಸವದತ್ತಿಯ ಮಲಪ್ರಭೆಯಿಂದ ನೀರು ಬಂದರೂ, ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ 24 ಗಂಟೆ ನೀರು ಸಿಕ್ಕರೂ, ಉಳಿದ ನಮಗೆಲ್ಲ ಬ್ಯಾರಲ್ಲೇ ಗತಿ. ಬೇಸಿಗೆಯಲ್ಲಿ ವಾರ ದಾಟಿದ್ದೂ ಉಂಟು. ನೀರು ಬಿಡುವ ಹುಡುಗ ಒಂದು ಗಲ್ಲಿ ಮರೆತು ಹೋದರೆ ಎಂಎಲ್ಎ ಸಾಹೇಬರಿಗೆ ಯಾರು ಫೋನ್ ಮಾಡುತ್ತಾರೆ? ರಾತ್ರಿ ಹನ್ನೊಂದಕ್ಕೂ ಕಾಕಾನ ಕಟ್ಟೆ ಮುಂದೆ ಕೊಡ ಹಿಡಿದ ಅಕ್ಕಂದಿರು ನಿಂತಿರುತ್ತಾರೆ. "ಬರ್ತೇನಿ ತಡೀರವ್ವಾ" ಅಂತ ಅವರು ಲುಂಗಿಯಲ್ಲೇ ಹೊರಡುತ್ತಾರೆ.

ಆದರೆ ನನ್ನನ್ನು ಕೇಳಿದರೆ, ಅವರು ಗೆದ್ದದ್ದು ಮೆಂಬರಾಗಿದ್ದಾಗ ಅಲ್ಲ. 2013ರಲ್ಲಿ ಆರಿಸಿ ಬಂದ ಪಾಲಿಕೆಯ ಅವಧಿ 2019ರ ಮಾರ್ಚಿನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಮೇಯರ್ ಕುರ್ಚಿ ತುಂಬಲು 2022ರ ಮೇ ಬರಬೇಕಾಯಿತು. ಮೂರು ವರ್ಷ ಆಡಳಿತಾಧಿಕಾರಿಯ ಕಾರಭಾರ. ಬಹಳ ಮಂದಿ ಮಾಜಿ ಮೆಂಬರುಗಳು ಫೋನ್ ಎತ್ತುವುದನ್ನೇ ಬಿಟ್ಟರು. ನಡುವೆ ಕೊರೊನಾ. ಕಾಕಾನ ಕೈಯಲ್ಲಿ ಸಹಿ ಇರಲಿಲ್ಲ, ಸೀಲು ಇರಲಿಲ್ಲ. ಆದರೂ ಆಸ್ತಿಯ ಉತಾರ ತೆಗೆಸಲಿಕ್ಕೆ, ಮರಣದ ದಾಖಲೆಗೆ ಜನರ ಜೋಡಿ ಪಾಲಿಕೆ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದರು. ಅಷ್ಟರಲ್ಲಿ 67 ವಾರ್ಡು ಇದ್ದದ್ದು 82 ಆಗಿ ಅವರ ಹಳೇ ಮತದ ಅರ್ಧ ಪಕ್ಕದ ವಾರ್ಡಿಗೆ ಹೋಗಿತ್ತು. ಹೊಸದಾಗಿ ಸೇರಿದ ಗಲ್ಲಿಯವರು ಮತ ಹಾಕಿದ್ದು ಆ ಬೆಂಚು ನೋಡಿಯೇ.

ಹಾಗಂತ ಕಾಕಾ ದೇವರಲ್ಲ. ಕೆಳಗಿನ ಚಾಳಿನ ಗಟಾರ ನಾನು ಕಂಡಂತೆ ಒಮ್ಮೆಯೂ ಸರಿಯಾಗಿ ಆಗಿಲ್ಲ, ಯಾಕಂದರೆ ಅಲ್ಲಿಯ ಬೂತಿನಲ್ಲಿ ಅವರಿಗೆ ಮತ ಬೀಳುವುದಿಲ್ಲ. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಒಂದು ವಾರ ಮಾತು ಬಿಟ್ಟಿದ್ದರು.

"ಮತ್ತ ಎಂಎಲ್ಎ ಯಾಕ ಆಗಲಿಲ್ಲ?" ನಮ್ಮ ಓಣಿ ಬರುವುದು ಹುಬ್ಬಳ್ಳಿ-ಧಾರವಾಡ ಪೂರ್ವ ಕ್ಷೇತ್ರಕ್ಕೆ. 2008ರಿಂದ ಅದು ಪರಿಶಿಷ್ಟ ಜಾತಿಗೆ ಮೀಸಲು, ಕಾಕಾ ಸಾಮಾನ್ಯ ವರ್ಗ. ಮೇಯರ್ ಆಗೋಣ ಅಂದರೆ ಅದು ಒಂದೇ ವರ್ಷದ ಕುರ್ಚಿ, ಅದಕ್ಕೂ ಸರದಿಯ ಮೀಸಲಾತಿ. ಅವರ ಪಾಳಿ ಬಂದಾಗ ಪಕ್ಷಕ್ಕೆ ಬಹುಮತ ಇರಲಿಲ್ಲ, ಬಹುಮತ ಇದ್ದಾಗ ಪಾಳಿ ಇರಲಿಲ್ಲ. ಒಮ್ಮೆ ವಾರ್ಡೇ ಮಹಿಳೆಯರಿಗೆ ಹೋಯಿತು. ಆಗ ಅವರ ಹೆಂಡತಿ, ನಮ್ಮ ಕಾಕು, ನಿಂತು ಗೆದ್ದರು, ಕಾಕಾನಿಗಿಂತ ಹೆಚ್ಚು ಮತದಿಂದ. ಆ ಸುದ್ದಿ ತೆಗೆದರೆ ಈಗಲೂ ಕಾಕಾ ಮಾತು ಹೊರಳಿಸುತ್ತಾರೆ.

2025ರ ಜನವರಿಯಲ್ಲಿ ಸರ್ಕಾರ ಧಾರವಾಡಕ್ಕೆ 26 ವಾರ್ಡಿನ ಬೇರೆ ಪಾಲಿಕೆ ಕೊಡಲು ಒಪ್ಪಿತು, ನಮಗೆ ಉಳಿಯುವುದು 56. ಅಂದಿನಿಂದ ನಾನು ಕಟ್ಟೆ ಹತ್ತಿದ ಕೂಡಲೇ ಚಹಾ ಬೇಕೋ ಬ್ಯಾಡೋ ಅಂತಲೂ ಕೇಳುವುದಿಲ್ಲ ಕಾಕಾ. "ತಮ್ಮಾ, ವಾರ್ಡ್ ಮೀಸಲಾತಿ ರೋಸ್ಟರ್ ಏನರೆ ಬಂತೇನು?"