“ಹೊಸ ತಳಿ ಡೇಂಜರಾ?” ಎಂದು ಕೇಳುವವರಿಗೆ

“ಮತ್ತೆ ಹೊಸ ತಳಿ ಬಂದಿದೆಯಂತಲ್ಲ, ಡೇಂಜರಾ?”

ಕೊರೊನಾ ಸ್ಯಾಂಪಲ್‌ಗಳ ಜೀನೋಮ್, ಅಂದರೆ ವೈರಸ್ಸಿನ ಪೂರ್ತಿ ಆನುವಂಶಿಕ ಬರಹ, ಓದುವ ಲ್ಯಾಬಿನಲ್ಲಿ ಕೆಲಸ ಎಂದು ಬಾಯಿ ತಪ್ಪಿ ಹೇಳಿದ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮೊದಮೊದಲು ಹತ್ತು ನಿಮಿಷ ವಿವರಿಸುತ್ತಿದ್ದೆ. ಈಗ ಲಿಫ್ಟಿನಲ್ಲಿ ಯಾರಾದರೂ ಕೇಳಿದರೆ “ನೋಡೋಣ” ಎಂದು ಇಳಿದುಬಿಡುತ್ತೇನೆ, ನನ್ನ ಮಹಡಿ ಬರದಿದ್ದರೂ. ಬರೆದಿಟ್ಟರೆ ಲಿಂಕ್ ಕಳಿಸಿ ಪಾರಾಗಬಹುದು.

ಮೊದಲು ನನ್ನ ತಕರಾರು. “ವೈರಸ್ಸು ಬುದ್ಧಿ ಕಲಿತಿದೆಯಂತೆ, ಲಸಿಕೆಗೆ ಸಿಗಬಾರದು ಅಂತ ವೇಷ ಬದಲಿಸಿದೆಯಂತೆ.” ಇಲ್ಲಾರೀ. ಅದಕ್ಕೆ ತಲೆಯೇ ಇಲ್ಲ, ಬುದ್ಧಿ ಎಲ್ಲಿಂದ ಬರಬೇಕು? ‘ರೂಪಾಂತರಿ’ ಎಂಬ ಪದ ಚಲಾವಣೆಗೆ ತಂದ ಪುಣ್ಯಾತ್ಮರನ್ನೂ ಬೈಯಬೇಕು. ಕೇಳಿದ ಕೂಡಲೇ ಜಿಂಕೆಯಾದ ಮಾರೀಚ ಕಣ್ಮುಂದೆ ಬರುತ್ತಾನೆ. ನನ್ನ ಕೈಲಿದ್ದರೆ ‘ಪಾಠಾಂತರ’ ಎನ್ನುತ್ತಿದ್ದೆ. ಓಲೆಗರಿಯ ಪ್ರತಿ ಮಾಡುವವನು ಕಣ್ತಪ್ಪಿ ಒಂದಕ್ಷರ ಬೇರೆ ಬರೆಯುತ್ತಾನಲ್ಲ, ಅಷ್ಟೇ. ಈ ವೈರಸ್ಸಿನದು ಸುಮಾರು 30,000 ಅಕ್ಷರಗಳ ಓಲೆ. ತಪ್ಪು ತಿದ್ದುವ ಕಿಣ್ವವೂ ಅದರ ಬಳಿ ಇರುವುದರಿಂದ ಫ್ಲೂ ವೈರಸ್ಸಿನಷ್ಟು ತಪ್ಪು ಬರೆಯುವುದಿಲ್ಲ. ಉಳಿದ ತಪ್ಪುಗಳಲ್ಲಿ ಬಹುಪಾಲು ನಿರುಪದ್ರವಿ, ಕೆಲವು ವೈರಸ್ಸಿಗೇ ಮುಳುವು. ಅಪರೂಪಕ್ಕೊಂದು ತಪ್ಪು ಅದಕ್ಕೆ ಅನುಕೂಲವಾಗಿಬಿಡುತ್ತದೆ, ಆ ಪ್ರತಿಯೇ ಊರೆಲ್ಲ ಹರಡುತ್ತದೆ.

“ಎಷ್ಟು ಮ್ಯುಟೇಶನ್ ಇದೆ?”, ಅಂದರೆ ಇಂಥ ಅಕ್ಷರ ತಪ್ಪುಗಳೆಷ್ಟು, ಎಂದು ಕೇಳುವವರದು ಇನ್ನೊಂದು ಕಾಟ, ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. 2023ರ ಆಗಸ್ಟ್‌ನಲ್ಲಿ ಕಂಡ ಬಿಎ.2.86 ತಳಿಯ ಸ್ಪೈಕ್ ಪ್ರೋಟೀನಿನಲ್ಲಿ (ವೈರಸ್ಸು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಮುಳ್ಳು) ಅದರ ಮೂಲ ತಳಿ ಬಿಎ.2ಗಿಂತ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಎಲ್ಲರೂ ಎದೆ ಹಿಡಿದುಕೊಂಡರು, ಅದು ತೆವಳುತ್ತಲೇ ಉಳಿಯಿತು. ಆಮೇಲೆ ಅದರ ಸ್ಪೈಕಿಗೆ ಇನ್ನೊಂದೇ ಒಂದು ಬದಲಾವಣೆ ಸೇರಿ ಜೆಎನ್.1 ಆಯಿತು. ವರ್ಷ ತಿರುಗುವಷ್ಟರಲ್ಲಿ ಜಗತ್ತೆಲ್ಲ ಅದೇ.

2021ರ ಡಿಸೆಂಬರ್‌ನ ಒಂದು ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದೆ. ನಮ್ಮ ಪಿಸಿಆರ್ ಪರೀಕ್ಷೆಯ ಕಿಟ್ ವೈರಸ್ಸಿನ ಓಲೆಯಲ್ಲಿ ಮೂರು ಜಾಗಗಳನ್ನು ಹುಡುಕುತ್ತಿತ್ತು, ಸಿಕ್ಕ ಜಾಗದ ಗೆರೆ ಮೇಲೇಳುತ್ತಿತ್ತು. ಸ್ಕ್ರೀನಿನಲ್ಲಿ ಎರಡು ಗೆರೆ ಹೆಡೆಯೆತ್ತಿದ ಹಾಗೆ ಮೇಲೆದ್ದವು. ಮೂರನೆಯದು, ಸ್ಪೈಕ್ ತಯಾರಿಸುವ ಎಸ್ ಜೀನಿನದು, ತಳದಲ್ಲಿ ಮಲಗಿಯೇ ಇತ್ತು. ಅಲ್ಲಿ ಆರಕ್ಷರ ಕಳಚಿಹೋದರೆ ಕಿಟ್‌ಗೆ ಆ ಜಾಗ ಸಿಗುವುದಿಲ್ಲ. ಹಿಂದಿನ ಆಲ್ಫಾ ತಳಿಯಲ್ಲಿ ಇದನ್ನು ನೋಡಿದ್ದೆವು, ಒಮಿಕ್ರಾನ್ ಸರದಿ ಬಂತೆಂದು ಗೊತ್ತಿತ್ತು. ಆದರೂ ನನ್ನ ಕೈತಪ್ಪೇ ಆಗಿರಲಿ ದೇವರೇ ಎನ್ನುತ್ತ ಮತ್ತೊಮ್ಮೆ ಸ್ಯಾಂಪಲ್‌ಗಳ ಪ್ಲೇಟ್ ಯಂತ್ರಕ್ಕೆ ಹಾಕಿದೆ. ಗೆರೆ ಏಳಲಿಲ್ಲ. ಅಷ್ಟರಲ್ಲಿ ನೆಂಟರೊಬ್ಬರ ಫೋನು: “ಡೇಂಜರಾ?” ಗೊತ್ತಿಲ್ಲ ಎಂದೆ. “ನಿನಗೇ ಗೊತ್ತಿಲ್ಲ ಅಂದ್ರೆ ಅಲ್ಲಿ ಮಾಡೋದೇನು?”

ಆ ಮಾತು ಈಗಲೂ ಚುಚ್ಚುತ್ತದೆ, ಒಪ್ಪುತ್ತೇನೆ. ಆದರೆ ಮಲಗಿದ ಗೆರೆ ನಿಮ್ಮ ಅಜ್ಜಿ ಲಸಿಕೆ ಹಾಕಿಸಿಕೊಂಡಿದ್ದಾರಾ ಎಂದು ಹೇಳುವುದಿಲ್ಲ. 2022ರ ಫೆಬ್ರವರಿ, ಮಾರ್ಚ್‌ನಲ್ಲಿ ‘ಸೌಮ್ಯ’ ಎನಿಸಿಕೊಂಡ ಇದೇ ಒಮಿಕ್ರಾನ್ ಹಾಂಗ್‌ಕಾಂಗ್‌ನಲ್ಲಿ ಸಾವಿರಾರು ವೃದ್ಧರನ್ನು ಕೊಂದಿತು. ಅವರಲ್ಲಿ ಹೆಚ್ಚಿನವರಿಗೆ ಲಸಿಕೆ ಆಗಿರಲಿಲ್ಲ. ವೃದ್ಧರಿಗೆಲ್ಲ ಹೆಚ್ಚುಕಡಿಮೆ ಲಸಿಕೆ ಮುಟ್ಟಿಸಿದ್ದ ನ್ಯೂಜಿಲೆಂಡಿನಲ್ಲಿ ಅದೇ ಹೊತ್ತಿಗೆ ಸಾವು ಎಷ್ಟೋ ಕಡಿಮೆ. ಈಗ ಹೇಳಿ, ಡೇಂಜರಾ?

“ಹೊಸ ತಳಿ ಬಂದದ್ದು ನಿಮಗೆ ಗೊತ್ತಾದದ್ದು ಹೇಗೆ?” ಎಂದು ಯಾರಾದರೂ ಕೇಳಿದರೆ ಕಾಫಿ ಕುಡಿಸಿ ಉತ್ತರಿಸುತ್ತೇನೆ. ದಕ್ಷಿಣ ಆಫ್ರಿಕಾದವರು 2021ರ ನವೆಂಬರ್ 24ರಂದು ವಿಶ್ವ ಆರೋಗ್ಯ ಸಂಸ್ಥೆಗೆ (ಡಬ್ಲ್ಯುಎಚ್‌ಒ) ಹೊಸ ತಳಿ ಕಂಡಿದೆ ಎಂದು ತಿಳಿಸಿದರು. 26ಕ್ಕೆ ತಳಿಗೆ ಒಮಿಕ್ರಾನ್ ಎಂಬ ಹೆಸರು ಬಂತು, ಜೊತೆಜೊತೆಗೇ ದೇಶದ ಮೇಲೆ ದೇಶ ಅವರ ವಿಮಾನಗಳಿಗೆ ಬಾಗಿಲು ಹಾಕಿತು. ಮೊದಲು ಹೇಳಿದ್ದಕ್ಕೆ ಸಿಕ್ಕ ಬಹುಮಾನ. ಮುಂದಿನ ಸಲ ಕಂಡವರು ಬಾಯಿ ಬಿಡಲು ಎಷ್ಟು ದಿನ ಮೀನಮೇಷ ಎಣಿಸುತ್ತಾರೋ ಎಂಬುದು ನನ್ನ ನಿದ್ದೆ ಕೆಡಿಸುವ ಪ್ರಶ್ನೆ.

ಈಗ ಟೆಸ್ಟ್ ಮಾಡಿಸುವವರೇ ಇಲ್ಲ, ಮೂಗಿನ ಸ್ವಾಬ್ ಬರುವುದು ಅಪರೂಪ. ಬದಲಿಗೆ ಚರಂಡಿ ನೀರಿನ ಬಾಟಲಿ ಬರುತ್ತದೆ. ಸೋಂಕಿತರ ಮಲದಲ್ಲೂ ವೈರಸ್ಸಿನ ಚೂರುಗಳಿರುತ್ತವೆ, ಲಕ್ಷಣವೇ ಇಲ್ಲದವರದ್ದರಲ್ಲೂ. ಮೊನ್ನೆ ಲಿಫ್ಟಿನಲ್ಲಿ ಒಬ್ಬರಿಗೆ ಇದನ್ನು ವಿವರವಾಗಿ ಹೇಳತೊಡಗಿದೆ. ಅವರು ಮೂರನೇ ಮಹಡಿಯಲ್ಲೇ ಇಳಿದರು. ಅವರ ಮನೆ ಇರುವುದು ಆರರಲ್ಲಿ.