ಶೀಟ್ ಮನೆಗಿಂತ ಬೋರ್ಡ್ ಮನೆಯಲ್ಲೇ ಗದ್ದಲ ಜಾಸ್ತಿ, ಯಾಕೆ?

ಬೆಂಗಳೂರಿನ ಸ್ಲಂ ಬೋರ್ಡ್ ಕಟ್ಟಡಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಶೀಟ್ ಮನೆ ಬಿಟ್ಟು ಲಗ್ಗೆರೆಯಂಥ ಕಡೆ ಕಾಂಕ್ರೀಟ್ ಬ್ಲಾಕಿಗೆ ಹೋದವರು ‘ಇಲ್ಲೇ ಗಲಾಟೆ ಹೆಚ್ಚು’ ಅಂತಾರಲ್ಲ, ಗೋಡೆ ಗಟ್ಟಿ ಇದ್ದೂ ಹೀಗ್ಯಾಕೆ? ಹಾಗಂತ ಶೀಟ್ ಮನೆ ಸದ್ದಿಲ್ಲದ ಜಾಗವೇನಲ್ಲ. ಜೋರು ಮಳೆ ಹೊಡೆದರೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ. ಆದರೂ ಅವರ ದೂರು ನಿಜ.

ಗಟ್ಟಿ ಗೋಡೆ ಮಾತನ್ನು ತಡೆಯುತ್ತದೆ, ಏಟನ್ನಲ್ಲ. ಶೀಟ್ ಮನೆಯಲ್ಲಿ ಕುಟ್ಟಾಣಿ ಇದ್ದದ್ದು ನೆಲದ ಮೇಲೆ. ಬೆಳ್ಳುಳ್ಳಿ ಜಜ್ಜಿದ ಏಟು ಮಣ್ಣಿಗೇ ಇಂಗುತ್ತಿತ್ತು. ಬ್ಲಾಕಿನಲ್ಲಿ ಸ್ಲ್ಯಾಬು, ಬೀಮು, ಪಿಲ್ಲರ್ ಎಲ್ಲ ಒಂದಕ್ಕೊಂದು ಬೆಸೆದಿವೆ. ಮೂರನೇ ಮಹಡಿಯ ಏಟು ಕೆಳಗಿನವರ ತಲೆಯ ಮೇಲೇ ಬೀಳುತ್ತದೆ. ಕುಟ್ಟಾಣಿಯ ಕೆಳಗೆ ನಾಲ್ಕು ಮಡಿಕೆಯ ಗೋಣಿಚೀಲ ಹಾಕಿದರೂ ತುಂಬ ವ್ಯತ್ಯಾಸವಾಗುತ್ತದೆ. ಗ್ರೈಂಡರ್ ಆದರೆ ಕೆಳಗೆ ರಬ್ಬರ್ ಬೇಕು, ಅದರ ಮೈ ಗೋಡೆಗೆ ತಾಗಬಾರದು. ತಾಗಿದರೆ ರಬ್ಬರ್ ಹಾಕಿದ್ದೂ ದಂಡ.

ಸಂಪಿನ ಮೋಟಾರೂ ಹೀಗೇ. ನಿಮಿಷಕ್ಕೆ ಸುಮಾರು 2,880 ಸುತ್ತು, ಅಂದರೆ ಸೆಕೆಂಡಿಗೆ 48. ಆ ‘ಗುಂಯ್’ ಅನ್ನುವುದು ಕಿವಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ. ಮೋಟಾರಿನ ಕೆಳಗೆ ರಬ್ಬರ್ ಇಟ್ಟು, ಪೈಪನ್ನು ಮಾತ್ರ ಗೋಡೆಗೆ ಬಿಗಿಯಾಗಿ ಕ್ಲಾಂಪ್ ಹೊಡೆದು ‘ಏನೂ ಕಡಿಮೆಯಾಗಲಿಲ್ಲ’ ಅನ್ನುವವರೇ ಹೆಚ್ಚು. ಪೈಪು ಮೋಟಾರಿನಿಂದ ಹೊರಡುವ ಜಾಗದಲ್ಲೇ, ಒತ್ತಡ ತಡೆಯುವ ಒಂದು ಅಡಿ ರಬ್ಬರ್ ಹೋಸ್ ಸೇರಿಸಬೇಕು.

ಇನ್ನು ಬಾಗಿಲು. ಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೊಂದು ಪಾಲು ಸಂದು ಇದ್ದರೆ ಸಾಕು, ಗೋಡೆ ಎಷ್ಟೇ ದಪ್ಪವಿರಲಿ, ತಡೆ 20 ಡೆಸಿಬಲ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಹೊಡೆಯಿರಿ. ಗ್ಯಾಸ್ ಉರಿಯುವ ಮನೆಯ ವೆಂಟಿಲೇಟರ್ ಮಾತ್ರ ಮುಚ್ಚಬೇಡಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದು ಬರೀ ಕಸ. ಪಕ್ಕದ ಮನೆಯ ಸದ್ದನ್ನು ಅದು ತಡೆಯದು, ಬೆಂಕಿ ಭಯ ಬೇರೆ. ಹಳೇ ಕೌದಿಯನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದರೆ ಕೋಣೆಯ ಒಳಗಿನ ಪ್ರತಿಧ್ವನಿ ತಗ್ಗುತ್ತದೆ, ಅಷ್ಟೇ.

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ಆದರೆ ಬೀದಿಯಲ್ಲಿ ಸದ್ದು ಅಳೆಯುವ ಮೀಟರ್ ಹಿಡಿದರೆ ಸ್ಲ್ಯಾಬಿನ ಏಟು ಅದಕ್ಕೆ ಸಿಗುವುದೇ ಇಲ್ಲ.

ಸೊಪ್ಪಿನ ಗಾಡಿಗೆ ಸ್ಪೀಕರ್ ಬಂದದ್ದಕ್ಕೂ ಈ ಕಟ್ಟಡಗಳ ಪಾಲಿದೆ ಅಂತ ನನಗನಿಸುತ್ತದೆ. ಗಲ್ಲಿಯಲ್ಲಿ ಗಿರಾಕಿ ಮೂರು ಮೀಟರಿನಲ್ಲಿದ್ದಳು, ಈಗ ಮಹಡಿಯ ಮೇಲೆ, ಹನ್ನೆರಡರಲ್ಲಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬಲ್ ಇಳಿಯುತ್ತದೆ. ಮೂರು ಹನ್ನೆರಡಾಗುವಾಗ ಎರಡು ಸಲ ಇಮ್ಮಡಿ, ಹಾಗಾಗಿ ಇಲ್ಲಿ ಇಳಿದದ್ದು 12. ಮೆಟ್ಟಿಲ ಬಾಯಲ್ಲಿ ನಿಂತು ಕೂಗಿದರೆ ಸದ್ದೇನೋ ಮೇಲೇರುತ್ತದೆ, ಆದರೆ ಬರೀ ಸಿಮೆಂಟಿನ ಮಧ್ಯೆ ಹೊರಳಾಡಿ ‘ದಂಟು’ ಯಾವುದು ‘ಮೆಂತ್ಯ’ ಯಾವುದು ತಿಳಿಯದು. ಆಗ ವಾಲ್ಯೂಮ್ ಏರಿಸುತ್ತಾರೆ, ಗೊಂದಲವೂ ಜೋರಾಗುತ್ತದೆ. ಗಾಡಿಯನ್ನು ಮೆಟ್ಟಿಲಿಂದ ದೂರ, ಎರಡು ಬ್ಲಾಕಿನ ನಡುವಿನ ಬಯಲಿಗೆ ಒಯ್ದು, ಸ್ಪೀಕರನ್ನು ತುಸು ಮೇಲ್ಮುಖ ಮಾಡಿದರೆ ಕಡಿಮೆ ವಾಲ್ಯೂಮಿನಲ್ಲೇ ಸೊಪ್ಪಿನ ಹೆಸರು ಸ್ಪಷ್ಟವಾಗಿ ಕೇಳುತ್ತದೆ.